ಒಂದನೇ ಆವೃತ್ತಿಯ ಉಪ್ಸಾರು

ಕೈರುಚಿ ಅನ್ನುವುದು ಕೈಯಲ್ಲೇ ಇರುತ್ತದೆ, ಅಡುಗೆ ಪುಸ್ತಕದಲ್ಲಿ ಅಲ್ಲ ಎಂದು ನಮ್ಮ ಹೆಂಗಸರು ಯಾವ ಕಾಲದಿಂದಲೋ ಹೇಳುತ್ತ ಬಂದಿದ್ದರು. ಅದನ್ನು ನಂಬುವುದಕ್ಕೆ ವಿಜ್ಞಾನಿಗಳು ಬಹಳ ತಡಮಾಡಿದರು. ನಂಬಿದ ಮೇಲೆ ಮಾತ್ರ ಒಂದು ದಿನವೂ ಸುಮ್ಮನೆ ಕೂರಲಿಲ್ಲ. ನಂಜನಗೂಡಿನ ಕೈಗಾರಿಕಾ ಬಡಾವಣೆಯಲ್ಲಿ ಶುರುವಾದ ಸವಿಗೈ ಎಂಬ ಸಂಸ್ಥೆ ಒಂದು ಜೊತೆ ಕೈಗವಸು ಮಾಡಿತು. ಒಳ್ಳೆಯ ಅಡುಗೆಯವರು ನಲವತ್ತು ದಿನ ಆ ಗವಸು ತೊಟ್ಟು ಅಡುಗೆ ಮಾಡಬೇಕು. ಚಿಟಿಕೆಯಲ್ಲಿ ಎಷ್ಟು ಉಪ್ಪು ಬಂತು, ಒಗ್ಗರಣೆಯ ಘಮ ಏಳುತ್ತಿದ್ದಂತೆ ಸೌಟು ಎಷ್ಟು ಹೊತ್ತು ನಿಂತಿತು, ಯಾವ ಗಳಿಗೆಯಲ್ಲಿ ಬೆರಳು ಉರಿ ತಗ್ಗಿಸಿತು, ಎಲ್ಲವನ್ನೂ ಗವಸು ಕಲಿಯುತ್ತಿತ್ತು. ಕಲಿತದ್ದನ್ನು ಒಂದು ಕಡತ ಮಾಡಿ ಅಡುಗೆಗೈಗೆ ಇಳಿಸಿದರೆ ಮುಗಿಯಿತು. ಅಡುಗೆಗೈ ಎಂದರೆ ಒಲೆಯ ಮೇಲಿನ ಕಂಬಿಯಿಂದ ತೂಗುಬಿದ್ದ ಎರಡು ಯಂತ್ರದ ಕೈಗಳು. ಅವು ನಿಮ್ಮ ಮನೆಯಲ್ಲಿ, ನಿಮ್ಮದೇ ಪಾತ್ರೆಯಲ್ಲಿ, ಯಾರೋ ಒಬ್ಬಾಕೆ ಮಾಡಿದ ಹಾಗೆಯೇ ಅಡುಗೆ ಮಾಡಿಡುತ್ತಿದ್ದವು. ಆ ಯಾರೋ ಒಬ್ಬಾಕೆಯನ್ನು ಸಂಸ್ಥೆಯವರು ಮೂಲಗೈ ಎನ್ನುತ್ತಿದ್ದರು.

ಮೂಲಗೈ ಎಂಬತ್ತೆಂಟು ಅಂದರೆ ಚೆನ್ನಾಜಮ್ಮ. ಚೆನ್ನಾಜಮ್ಮನ ಗಂಡ ರಾಚಪ್ಪ. ಇದು ಅವನ ಹೊಟ್ಟೆಕಿಚ್ಚಿನ ಕಥೆ.

ರಾಚಪ್ಪನೂ ಅದೇ ಸವಿಗೈಯಲ್ಲಿ ಕೆಲಸಕ್ಕಿದ್ದ, ದಾಖಲೆ ವಿಭಾಗದಲ್ಲಿ. ಕೆಟ್ಟ ಮನುಷ್ಯನೇನಲ್ಲ. ಬಸ್ಸಿನಲ್ಲಿ ಮುದುಕರಿಗೆ ಸೀಟು ಬಿಡುತ್ತಿದ್ದ, ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಆದರೆ ಆರು ವರ್ಷದ ಹಿಂದೆ, 'ಸಂಸ್ಥೆಗೆ ಉಪ್ಸಾರು ಮಾಡೋರು ಬೇಕಂತೆ, ನಿನ್ನ ಹೆಸರು ಕೊಟ್ಟಿದೀನಿ' ಎಂದು ಹೆಂಡತಿಯನ್ನು ತಾನೇ ಕರೆದುಕೊಂಡು ಹೋಗಿ ಗವಸು ತೊಡಿಸಿದ ದಿನವನ್ನು ಅವನು ಈಗ ಮನಸ್ಸಿನಲ್ಲೇ ಶಪಿಸುತ್ತಿದ್ದ. ಚೆನ್ನಾಜಮ್ಮನ ಕೈ ಮೂರು ಜಿಲ್ಲೆಯಲ್ಲಿ ಸಾವಿರದ ನೂರು ಮನೆಗೆ ಹೋಗಿತ್ತು. ಟೀ ಅಂಗಡಿಯಲ್ಲಿ ಯಾರೋ ಗುರುತಿಲ್ಲದವನು, 'ನಮ್ಮನೇಲಿ ಎಂಬತ್ತೆಂಟು ಹಾಕ್ಸಿದೀವಪ್ಪ, ಏನ್ ಸೊಗಸು ಅಂತೀಯ ಆ ಖಾರ' ಎಂದು ನಾಲಿಗೆ ಚಪ್ಪರಿಸಿದರೆ ರಾಚಪ್ಪನಿಗೆ ಮೈ ಉರಿಯುತ್ತಿತ್ತು. ತನ್ನ ತಟ್ಟೆಗೆ ಇಷ್ಟೂ ಜನ ಕೈ ಹಾಕುತ್ತಿದ್ದಾರೆ ಅನ್ನಿಸುತ್ತಿತ್ತು. ಅವನಿಗಿದ್ದ ಸಮಾಧಾನ ಒಂದೇ. ತನ್ನ ಮನೆಗೆ ಅಡುಗೆಗೈ ತರಲು ಅವನು ಬಿಟ್ಟಿರಲಿಲ್ಲ. 'ಊರಿಗೆಲ್ಲ ನಕಲು, ನನಗೆ ಅಸಲು' ಎಂದು ಸಹೋದ್ಯೋಗಿಗಳ ಮುಂದೆ ಊಟದ ಡಬ್ಬಿ ತೆರೆದು ಮೀಸೆ ತಿರುವುತ್ತಿದ್ದ.

ಆ ವರ್ಷ ಸಂಸ್ಥೆ ತನ್ನ ಹಳೆಯ ತಂತ್ರಾಂಶವನ್ನು ಕೈಬಿಟ್ಟು ಹೊಸದಕ್ಕೆ ಹೋಯಿತು. ಯಾವ ಗುತ್ತಿಗೆಯಲ್ಲಿ ಯಾವ ಅಡುಗೆಗೈ ಯಾರ ಮನೆಯಲ್ಲಿದೆ, ಅದಕ್ಕೆ ಯಾವ ಮೂಲಗೈಯ ಎಷ್ಟನೇ ಆವೃತ್ತಿ ಇಳಿದಿದೆ ಎಂಬ ದಾಖಲೆಗಳೆಲ್ಲ ಒಂದರಿಂದ ಇನ್ನೊಂದಕ್ಕೆ ದಾಟಬೇಕಿತ್ತು. ಹೊಸ ತಂತ್ರಾಂಶ ಬಲು ಬಿಗುಮಾನದ್ದು. ಅದು ಸ್ಪ್ರೆಡ್‌ಶೀಟ್ ಕಡತವನ್ನು ಬಿಟ್ಟು ಬೇರೆ ಯಾವುದನ್ನೂ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅದೂ ತಾನೇ ಕೊಟ್ಟ ಮಾದರಿ ಹಾಳೆಯಲ್ಲಿ, ತಾನು ಹೇಳಿದ ಕಾಲಂಗಳಲ್ಲೇ ತುಂಬಿರಬೇಕು. ಗುತ್ತಿಗೆ ಮೊದಲು ಒಳಗೆ ಹೋಗಿರಬೇಕು, ಆಮೇಲೆ ಅದರಡಿಯ ಯಂತ್ರ. ಯಂತ್ರ ಕೂರಿಸಿದ ತಾರೀಕು ಗುತ್ತಿಗೆಯ ತಾರೀಕಿಗಿಂತ ಹಿಂದಿದ್ದರೆ ಆ ಸಾಲನ್ನು ಮುಖಕ್ಕೆ ಎಸೆಯುತ್ತಿತ್ತು. ಮೊದಲ ಸಲ ಇಮ್ಮಾವು, ತಾಂಡವಪುರದ ಕಡೆಯ ಇನ್ನೂರು ಚಿಲ್ಲರೆ ಸಾಲು ಕೆಂಪಾಗಿ ಹಿಂದಕ್ಕೆ ಬಂದಾಗ ರಾಚಪ್ಪ ಒಂದೂವರೆ ದಿನ ತಲೆ ಕೆರೆದುಕೊಂಡ. ಕೊನೆಗೆ ನೋಡಿದರೆ, ಯಂತ್ರದ ಸಂಖ್ಯೆಗಳ ಮುಂದಿದ್ದ ಸೊನ್ನೆಗಳನ್ನೆಲ್ಲ ಹಾಳೆ ಸದ್ದಿಲ್ಲದೆ ನುಂಗಿಬಿಟ್ಟಿತ್ತು. ಅವನು ಕಾಲಂ ಅನ್ನು ಅಕ್ಷರವೆಂದು ಬದಲಿಸಿ, ಸೊನ್ನೆಗಳನ್ನು ಒಂದೊಂದಾಗಿ ಮರಳಿ ಕೂರಿಸಿದ. ಇಂಥ ಕೆಲಸದಲ್ಲಿ ಅವನನ್ನು ಮೀರಿಸಿದವರು ಇರಲಿಲ್ಲ.

ರುಚಿ ಕಡತಗಳನ್ನೆಲ್ಲ ನೋಡಿಕೊಳ್ಳುವ ರುಚಿ ಕೋಣೆಯ ಮುಖ್ಯಸ್ಥೆ ಸೌದಾಮಿನಿ ಎಲ್ಲರನ್ನೂ ಕರೆದು ಒಂದು ಮಾತು ಹೇಳಿದರು. ಆಕೆ ಮೈಸೂರಿನವರು, ಮಾತು ನೆಟ್ಟಗೆ, ಮುಖದಲ್ಲಿ ನಗು ಕಡಿಮೆ.

"ಇಂಪೋರ್ಟ್ ಆದ ಕ್ಷಣದಿಂದ ಹಾಳೆಯಲ್ಲಿ ಏನಿದೆಯೋ ಅದೇ ಸತ್ಯ. ಹಾಳೆ ಯಾವ ಕಡತ ಅಂದ್ರೆ ಆ ಅಡುಗೆಗೈಗೆ ಅದೇ ಇಳಿಯುತ್ತೆ. ಯಾವ ಸಾಲೂ ಕೇಳದೆ ಉಳಿದ ರುಚಿ ಕಡತವನ್ನ ಏಳನೇ ದಿನ ಹೊಸ ತಂತ್ರಾಂಶ ಅಳಿಸಿಬಿಡುತ್ತೆ. ಆಮೇಲೆ ನನ್ನ ಹತ್ರ ಬಂದು ಅತ್ತರೆ ಪ್ರಯೋಜನ ಇಲ್ಲ. ಹಳೇ ಆವೃತ್ತಿಗಳ ಪ್ರತಿಯನ್ನ ನಾವು ಬೇರೆ ಎಲ್ಲೂ ಇಟ್ಕೊಂಡಿಲ್ಲ."

ಎಲ್ಲರೂ ತಲೆಯಾಡಿಸಿದರು. ರಾಚಪ್ಪನೂ ಆಡಿಸಿದ.

ಕೊಳ್ಳೇಗಾಲದ ಹಾಳೆ ಅವನ ಪಾಲಿಗೆ ಬಂದಿದ್ದು ಅದಾದ ಎರಡನೆಯ ದಿನ. ಮುನ್ನೂರ ಐವತ್ತು ಸಾಲು. ಎಂಬತ್ತೆಂಟರ ಎದುರಿಗೆಲ್ಲ ಆವೃತ್ತಿ ಆರು, ಆರು, ಆರು ಎಂದಿತ್ತು. ಮೂಲಗೈಗಳು ವರ್ಷಕ್ಕೊಮ್ಮೆ ಗವಸು ತೊಟ್ಟು ಹೊಸ ಆವೃತ್ತಿ ಕೊಡುವುದು ಸಂಸ್ಥೆಯ ಪದ್ಧತಿ. ಹೊಸದು ಬಂದ ಕೂಡಲೇ ಎಲ್ಲ ಮನೆಗೂ ಅದೇ ಇಳಿಯುತ್ತಿತ್ತು; ಹಳೆಯವುಗಳಲ್ಲಿ ಮೊದಲನೆಯದೊಂದನ್ನು ಉಳಿಸಿ ಮಿಕ್ಕವನ್ನು ಅಳಿಸುತ್ತಿದ್ದರು. ಆದರೆ ಒಂದು ಸಾಲಿನಲ್ಲಿ ಮಾತ್ರ ಆವೃತ್ತಿ ಒಂದು ಎಂದಿತ್ತು. ತಪ್ಪಿರಬೇಕೆಂದು ರಾಚಪ್ಪ ಬಲಕ್ಕೆ ಸರಿಸಿ ಷರಾ ಕಾಲಂ ನೋಡಿದ.

ಗ್ರಾಹಕ, ಪರಶಿವಮೂರ್ತಿ. ರೇಷ್ಮೆಗೂಡು ಮಾರುಕಟ್ಟೆಯ ನಿವೃತ್ತ ದರ್ಜೆಗಾರ. ಅವಿವಾಹಿತ, ಒಬ್ಬರೇ ವಾಸ. ಹೊಸ ಆವೃತ್ತಿ ಬೇಡವೆಂದು ಲಿಖಿತ ಕೋರಿಕೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ ಇತ್ತು. ಮೂಲಗೈ ಸ್ವತಃ ಹಾಜರು, ಎಂದು ಯಂತ್ರ ತಾನೇ ಗುರುತಿಸಿ ಬರೆದುಕೊಂಡ ತಾರೀಕುಗಳು. ಒಟ್ಟು ಇಪ್ಪತ್ತಮೂರು.

ರಾಚಪ್ಪ ಗೋಡೆಯ ಕ್ಯಾಲೆಂಡರನ್ನೂ ಅದರ ಹಿಂದೆ ತೂಗುತ್ತಿದ್ದ ಹಳೆಯ ವರ್ಷಗಳದ್ದನ್ನೂ ಕಿತ್ತು ತಂದು ಮೇಜಿನ ಮೇಲೆ ಹರವಿಕೊಂಡ. ಇಪ್ಪತ್ತಮೂರು ತಾರೀಕೂ ಅಮಾವಾಸ್ಯೆಗಳೇ. ಪ್ರತಿ ಅಮಾವಾಸ್ಯೆಗೆ ಚೆನ್ನಾಜಮ್ಮ ಮಾದಪ್ಪನ ಬೆಟ್ಟಕ್ಕೆ ಹೋಗುತ್ತಿದ್ದಳು. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಲಾಡು, ವಿಭೂತಿ ಹಿಡಿದು ಮನೆಗೆ ಬರುತ್ತಿದ್ದಳು. ಆ ಲಾಡನ್ನು ಅವನು ಕಣ್ಣಿಗೊತ್ತಿಕೊಂಡು ತಿಂದಿದ್ದ. ಬೆಟ್ಟದ ದಾರಿಯಲ್ಲೇ ಕೊಳ್ಳೇಗಾಲ ಇದೆ ಎಂಬುದು ಈಗ ಹೊಳೆಯಿತು.

ಇಪ್ಪತ್ತಮೂರು ಸಲ. ಒಬ್ಬನೇ ಇರುವ ಗಂಡಸಿನ ಮನೆಗೆ. ದೇವರ ಹೆಸರು ಹೇಳಿಕೊಂಡು. ಮೂಲಗೈಗೂ ಗ್ರಾಹಕನಿಗೂ ಏನು ಕೆಲಸ? ಇಷ್ಟು ವರ್ಷದಲ್ಲಿ ಬೇರೆ ಯಾವ ಮೂಲಗೈಯ ಹೆಸರಿನ ಮುಂದೆಯೂ ಇಂಥ ಷರಾ ಕಂಡವನಲ್ಲ ಅವನು. ಅಲ್ಲದೆ ಆ ಮನುಷ್ಯ ಹೊಸ ಆವೃತ್ತಿ ಬೇಡ ಅನ್ನುತ್ತಾನೆ! ಊರೆಲ್ಲ ಆರನೆಯದನ್ನು ತಿನ್ನುವಾಗ ಇವನಿಗೆ ಮಾತ್ರ ಅವಳ ಮೊದಲನೆಯದೇ ಬೇಕು.

ಸಂಜೆ ಮನೆಯಲ್ಲಿ ಚೆನ್ನಾಜಮ್ಮ ಹುರುಳಿ ಕಾಳಿನ ಉಪ್ಸಾರು, ಮುದ್ದೆ ಬಡಿಸಿದಳು. ರಾಚಪ್ಪ ಮುದ್ದೆಯನ್ನು ಬೆರಳಲ್ಲಿ ಒತ್ತುತ್ತ ಕೂತ.

"ಯಾಕ, ಊಟ ಸೇರ್ನಿಲ್ವಾ?" ಎಂದಳು.

"ಸೇರ್ತದ. ಅಮಾಸೆ ಯಾವತ್ತು?"

"ಇನ್ನೂ ಒಂಬತ್ ದಿನ ಅದ. ಯಾಕ, ನೀವೂ ಬತ್ತೀರಾ ಬೆಟ್ಟಕ್ಕ?"

ಆಕೆಯ ಮುಖದಲ್ಲಿ ಒಂದು ಅಳುಕು ಹಾದು ಹೋದ ಹಾಗೆ ಅವನಿಗೆ ಕಂಡಿತು. ಇತ್ತೋ ಇಲ್ಲವೋ, ಅವನಿಗೆ ಕಂಡಿತು, ಅಷ್ಟೇ ಸಾಕಾಯಿತು. "ನನಗೆಲ್ಲಿ ಪುರುಸೊತ್ತು, ಇಂಪೋರ್ಟ್ ನಡೀತಾ ಅದ" ಎಂದು ಗಬಗಬನೆ ತಿಂದು ಎದ್ದ. ನೇರ ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ಹೊಟ್ಟೆಕಿಚ್ಚಿನವನಿಗೆ ಉತ್ತರ ಬೇಕಾಗಿರುವುದಿಲ್ಲ. ಮನಸ್ಸಿನಲ್ಲಿ ಬರೆದುಕೊಂಡ ಉತ್ತರ ಎಲ್ಲಿ ಸುಳ್ಳಾಗುತ್ತದೋ ಎಂಬ ಭಯ ಅವನಿಗೆ.

ಮಾರನೆಯ ದಿನ ಅವನು ಕೊಳ್ಳೇಗಾಲದ ಹಾಳೆ ತೆರೆದ. ಪರಶಿವಮೂರ್ತಿಯ ಮೇಲಿನ ಸಾಲು ಒಂದು ಹೋಟೆಲಿನದು. ಅದರಲ್ಲಿ ಮೂಲಗೈ ನೂರ ಮೂವತ್ತೊಂದು. ಅದು ಮದುವೆ ಮನೆಗಳಲ್ಲಿ ಐನೂರು ಜನಕ್ಕೆ ಒಂದೇ ಕೊಪ್ಪರಿಗೆಯಲ್ಲಿ ಸಾರು ಮಾಡುತ್ತಿದ್ದ ಒಬ್ಬ ಭಟ್ಟರ ಕೈ. ತಿಳಿಸಾರಿಗೂ ಬೆಲ್ಲ, ಪಲ್ಯಕ್ಕೂ ಬೆಲ್ಲ. ರಾಚಪ್ಪ ಆ ಸಂಖ್ಯೆಯ ಮೂಲೆ ಹಿಡಿದು ಒಂದೇ ಒಂದು ಸಾಲು ಕೆಳಕ್ಕೆ ಎಳೆದ. ಎಂಬತ್ತೆಂಟು ಇದ್ದ ಜಾಗದಲ್ಲಿ ನೂರ ಮೂವತ್ತೊಂದು ಕೂತಿತು. ಎಳೆದು ತುಂಬುವಾಗ ಮೇಲಿನ ಸಂಖ್ಯೆ ಕೆಳಕ್ಕೆ ಜಾರುವುದು ಆ ವಿಭಾಗದಲ್ಲಿ ದಿನಬೆಳಗಾದರೆ ಆಗುವ ತಪ್ಪು. ಯಾರಾದರೂ ಕೇಳಿದರೆ ಹಾಗೆನ್ನಬಹುದು, ಯಾರೂ ಎರಡನೇ ಮಾತು ಆಡುವುದಿಲ್ಲ. ಒಂದನೇ ಆವೃತ್ತಿಯನ್ನು ಈಗ ಯಾವ ಸಾಲೂ ಕೇಳುತ್ತಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೋಗಲಿ ಅಂದುಕೊಂಡ. ಅವಳ ಆರನೆಯದು ಇದೆಯಲ್ಲ, ಅವಳೇ ಇದ್ದಾಳಲ್ಲ.

ಇಂಪೋರ್ಟ್ ಗುಂಡಿ ಒತ್ತಿದ. ಮುನ್ನೂರ ಐವತ್ತಕ್ಕೆ ಮುನ್ನೂರ ಐವತ್ತೂ ಸ್ವೀಕೃತ ಎಂದು ಹಸಿರು ಅಕ್ಷರ ಮೂಡಿತು. ಆರು ವರ್ಷದಲ್ಲಿ ಮೊದಲ ಸಲ ಅವನಿಗೆ ಹೊಟ್ಟೆ ತಣ್ಣಗಾದ ಹಾಗಾಯಿತು. ಆವತ್ತು ಮಧ್ಯಾಹ್ನದ ಡಬ್ಬಿಯನ್ನು ನೆಕ್ಕಿ ತಿಂದ.

ದೂರು ಬಂದದ್ದು ಎರಡೇ ದಿನಕ್ಕೆ. ರುಚಿ ಕೋಣೆಯ ದೊಡ್ಡ ಪರದೆಯ ಮೇಲೆ ಮೂರು ಜಿಲ್ಲೆಯ ಅಡುಗೆಗೈಗಳೆಲ್ಲ ಸಣ್ಣ ದೀಪಗಳಾಗಿ ಕಾಣುತ್ತಿದ್ದವು. ಕೊಳ್ಳೇಗಾಲದ ಒಂದು ದೀಪ ಹಳದಿಯಾಯಿತು. ಸೌದಾಮಿನಿ ಗಟ್ಟಿಯಾಗಿ ಓದಿದರು.

"ಇದು ನಮ್ಮ ಅಮ್ಮನವರ ಕೈಯಲ್ಲ. ಬೆಲ್ಲ ಬೀಳುತ್ತಿದೆ. ಹಳೆಯ ಕೈಯನ್ನೇ ಬೇಗ ಮರಳಿಸಿ. ಬಹಳ ಅಗತ್ಯವಿದೆ. ಪರಶಿವಮೂರ್ತಿ." ಅವರು ಕನ್ನಡಕ ಸರಿಮಾಡಿಕೊಂಡು ಸುತ್ತ ನೋಡಿದರು. "ಕೊಳ್ಳೇಗಾಲ ಯಾರದು?"

"ನಂದೇ ಮೇಡಂ. ಎಳೆದು ತುಂಬೋವಾಗ ಜಾರಿರಬೇಕು. ನಾನ್ ನೋಡ್ಕೋತೀನಿ" ಎಂದ ರಾಚಪ್ಪ.

"ಬೇಗ ನೋಡಿ. ಮರುಇಂಪೋರ್ಟಿಗೆ ಒಂದು ಸಾಲು ಸಾಕು, ಐದು ನಿಮಿಷದ ಕೆಲಸ."

ಐದು ನಿಮಿಷದ ಕೆಲಸವೇ ಸರಿ. ಆದರೆ ಅವನ ಕಿವಿಯಲ್ಲಿ ಕೂತಿದ್ದು ಒಂದೇ ಪದ. ನಮ್ಮ ಅಂತೆ, ನಮ್ಮ! ಇಪ್ಪತ್ತಮೂರು ಸಲ ಬಾಗಿಲು ತೆರೆದವನಿಗೆ ನಮ್ಮ ಅನ್ನುವ ಸಲಿಗೆ ಬಂದಿದೆ. ಬಹಳ ಅಗತ್ಯವಂತೆ. ಉಪ್ಸಾರು ಇಲ್ಲದಿದ್ದರೆ ಪ್ರಾಣ ಹೋಗುತ್ತದೆಯೇ ಇವನದು? ರಾಚಪ್ಪ ದೂರಿನ ಎದುರು 'ಪರಿಶೀಲನೆಯಲ್ಲಿದೆ' ಎಂದು ಬರೆದು ಕೈಕಟ್ಟಿ ಕೂತ. ಮೂರನೇ ದಿನ ಮತ್ತೆ ಒಂದು ದೂರು. ಐದನೇ ದಿನ ಮತ್ತೊಂದು. ಅದರಲ್ಲಿ, 'ಇದು ನನಗಾಗಿ ಅಲ್ಲ' ಎಂದಿತ್ತು. ಆ ಸಾಲನ್ನು ರಾಚಪ್ಪ ಎರಡು ಸಲ ಓದಿ ಇನ್ನಷ್ಟು ಉರಿದ. ಆರನೇ ದಿನ ಒಂದು ಗಳಿಗೆ ಅವನ ಬೆರಳು ಆ ಸಾಲಿನ ಮೇಲೆ ನಿಂತಿದ್ದೂ ಉಂಟು. ಅಷ್ಟರಲ್ಲಿ ಆ ಮನುಷ್ಯನ ಅಡುಗೆಮನೆಯಲ್ಲಿ ತನ್ನ ಹೆಂಡತಿ ನಿಂತ ಚಿತ್ರ ಕಣ್ಣಿಗೆ ಕಟ್ಟಿ, ಬೆರಳು ಹಿಂದಕ್ಕೆ ಬಂತು. ಏಳನೇ ದಿನ ಬೆಳಿಗ್ಗೆ ಅಳಿಸಿದ ಕಡತಗಳ ಪಟ್ಟಿ ಪರದೆಯ ಮೇಲೆ ಹಾದು ಹೋಯಿತು. ಹನ್ನೆರಡು ಹೆಸರು ಇದ್ದವು. ಒಂಬತ್ತನೆಯದು ಮೂಲಗೈ ಎಂಬತ್ತೆಂಟು, ಆವೃತ್ತಿ ಒಂದು.

ಅಮಾವಾಸ್ಯೆಯ ದಿನ ಅವನು ರಜೆ ಹಾಕಿ ಮನೆಯಲ್ಲೇ ಇದ್ದ. ಚೆನ್ನಾಜಮ್ಮ ಎಂದಿನಂತೆ ಬೆಳಗಿನ ಬಸ್ಸಿಗೆ ಹೋದಳು. ಎಂದಿನಂತೆ ದೀಪ ಹಚ್ಚುವ ಹೊತ್ತಿಗೆ ಬರಲಿಲ್ಲ. ಮಧ್ಯಾಹ್ನವೇ ಬಂದುಬಿಟ್ಟಳು. ಕೈಯಲ್ಲಿ ಲಾಡು ಇರಲಿಲ್ಲ, ವಿಭೂತಿ ಇರಲಿಲ್ಲ. ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ಹೋದಳು. ರಾಚಪ್ಪ ಪಡಸಾಲೆಯಲ್ಲಿ ಕೂತು ಕಿವಿಗೊಟ್ಟ. ಕಾಳು ಬೇಯುವ ಸದ್ದು, ಸೊಪ್ಪು ಕೊಚ್ಚುವ ಸದ್ದು, ಒರಳಿನಲ್ಲಿ ಖಾರ ಅರೆಯುವ ಸದ್ದು. ಆಮೇಲೆ ಯಾವ ಸದ್ದೂ ಇಲ್ಲ. ಎದ್ದು ಹೋಗಿ ನೋಡಿದರೆ ಅವಳು ಉಪ್ಪಿನ ಡಬ್ಬಿಯಲ್ಲಿ ಮೂರು ಬೆರಳು ಅದ್ದಿ, ಹಾಗೇ ನಿಂತಿದ್ದಳು. ಕಣ್ಣಿಂದ ನೀರು ಇಳಿಯುತ್ತಿತ್ತು.

"ಎಷ್ಟಾಕ್ಬೇಕು ಅಂತ ನನಗ ತಿಳೀತಿಲ್ಲ" ಎಂದಳು.

ರಾಚಪ್ಪ ಬಾಗಿಲಲ್ಲೇ ನಿಂತ.

ಅವಳೇ ಹೇಳಿದಳು, ಒಲೆ ಆರಿಸಿ, ನೆಲದ ಮೇಲೆ ಕೂತು. ಎರಡು ವರ್ಷದ ಹಿಂದೆ ಆ ವಿಷಜ್ವರ ಬಂದಿತ್ತಲ್ಲ, ಹನ್ನೊಂದು ದಿನ ಮಲಗಿದ್ದಳಲ್ಲ, ಎದ್ದ ಮೇಲೆ ಅವಳಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಬೆಳ್ಳುಳ್ಳಿ ಹುರಿದರೂ ಇಲ್ಲ, ಮೆಣಸಿನಕಾಯಿ ಸೀದರೂ ಇಲ್ಲ. ನಾಲಿಗೆಗೆ ಉಪ್ಪು, ಹುಳಿ ಮಂಕಾಗಿ ಮಾತ್ರ ತಿಳಿಯುತ್ತಿತ್ತು. ಮೈಸೂರಿನ ಡಾಕ್ಟರು, ಬಂದರೆ ಬರಬಹುದು, ಬಾರದೆಯೂ ಇರಬಹುದು ಎಂದಿದ್ದರು. ಅವಳು ಯಾರಿಗೂ ಹೇಳಲಿಲ್ಲ. ಮೂಲಗೈಗೆ ಮೂಗೇ ಹೋಯಿತೆಂದರೆ ಉಳಿಯುವುದಾದರೂ ಏನು? ಐದನೇ ಆವೃತ್ತಿಗೆ ಅಂದಾಜಿನ ಮೇಲೆ ಗವಸು ತೊಟ್ಟಳು. ಸಾವಿರದ ನೂರು ಮನೆ ಅದನ್ನೇ ತಿಂದು ಚೆನ್ನಾಗಿದೆ ಅಂದಿತು.

"ಒಬ್ರು ಮಾತ್ರ ಅನ್ನಿಲ್ಲ" ಎಂದಳು. "ಕೊಳ್ಳೇಗಾಲದೋರು. ಒಂದು ವಾರ ತಿಂದು, ಇದು ಅವರ ಕೈಯಲ್ಲ, ಹಳೇದ್ನೇ ಕೊಡಿ ಅಂತ ಬರ್ದವ್ರೆ. ಮೇಡಮ್ಮು ನನ್ನ ಕರ್ದು, ಹೋಗಿ ವಸಿ ನೋಡ್ಕೊಂಡ್ ಬನ್ನಿ ಅಂದ್ರು. ಹೋದೆ. ಅವರು ನನ್ನ ನಿಲ್ಸಿ, ಒಂದು ತಟ್ಟೆ ಸುಟ್ಟ ಖಾರ ಮೂಗಿನ ಹತ್ರ ಹಿಡುದ್ರು. ನಾನು ಸುಮ್ನೆ ನಿಂತಿದ್ದೆ. ಅಮ್ಮಾ, ನಿಮಗೆ ವಾಸನೆ ತಿಳಿಯಲ್ಲ ಅಲ್ವಾ, ಅಂದ್ರು. ಅಲ್ಲೇ ಅತ್ಬುಟ್ಟೆ ಕನ."

"ಆಮೇಲೆ?" ಎಂದ ರಾಚಪ್ಪ.

"ಆಮೇಲೆ ಏನು. ಅವರು ಕೇಳಿದ್ಕೆ ಅವರ ಮನೆಗೆ ಮೊದಲ್ನೇ ಆವೃತ್ತಿ ಇಳಿಸಿದ್ರಲ್ಲ, ನನ್ನ ಮೂಗು ಚೆನ್ನಾಗಿದ್ದಾಗಿಂದು. ರಿಪೇರಿಯೋರು ಕಲಿಯೋಕೆ ಯಂತ್ರದ ಕೈ ಮೇಲೆ ತಮ್ಮ ಕೈ ಇಟ್ಕೊಂಡು ಮಾಡ್ತರಲ್ಲ, ಹಂಗೆ ನಾನೂ ಇಟ್ಕೊಂಡೆ. ಅದು ಉಪ್ಪು ತಗೊಂಡ್ರೆ ನನ್ನ ಬೆರಳಿಗೆ ಭಾರ ತಿಳಿಯೋದು. ಅದು ನಿಂತ್ರೆ ನಾನೂ ನಿಲ್ಲೋದು. ತಿಂಗಳಿಗೊಂದ್ಸಲ ಹೋಗಿ ನನ್ನ ಅಡುಗೆ ನಾನೇ ಕಲ್ತು ಬತ್ತಿದ್ದೆ. ಹದಿನೈದಿಪ್ಪತ್ ದಿನ ಕೈಯಲ್ಲಿ ನಿಲ್ಲೋದು, ಆಮೇಲೆ ಮರ್ತೋಗೋದು. ಬೆಟ್ಟಕ್ಕೆ ಹೋಗೋಕೆ ಹೊತ್ತೆಲ್ಲಿ. ಬಸ್‌ಸ್ಟ್ಯಾಂಡಲ್ಲಿ ಬೆಟ್ಟ ಇಳಿದು ಬಂದೋರ ಹತ್ರ ಲಾಡು ಈಸ್ಕೊಂಡು ಬತ್ತಿದ್ದೆ. ಮಾದಪ್ಪನಿಗೂ ಸುಳ್ಳು ಹೇಳ್ದಂಗಾಯ್ತು."

"ನನ್ಗ್ಯಾಕೆ ಹೇಳ್ನಿಲ್ಲ?"

"ಊರಿಗೆಲ್ಲ ನಕಲು ನನಗೆ ಅಸಲು ಅಂತ ಮೀಸೆ ತಿರುವೋರ ಮುಂದೆ ಏನಂತ ಹೇಳ್ಲಿ? ನಿಮಗೆ ಗೊತ್ತಾಗಬಾರ್ದು ಅಂತ್ಲೇ ಹೋಯ್ತಿದ್ದದ್ದು. ಇವತ್ತು ಹೋದ್ರೆ ಅಲ್ಲಿ ಯಾವನೋ ಬೆಲ್ಲದೋನ ಕೈ ಅದ. ಅವರು ಫೋನ್ ಮಾಡಿ ಕೇಳುದ್ರೆ, ನನ್ನ ಕಡತ ಅಳಿಸೋಗದಂತೆ. ನಿಮ್ಮ ಆಫೀಸಲ್ಲಿ ಯಾರೋ ಎಳೆದು ತುಂಬೋವಾಗ ಜಾರುಸ್ಬುಟ್ರಂತೆ."

ರಾಚಪ್ಪ ಗೋಡೆಗೆ ಒರಗಿದ. ಅಸಲು ತಿನ್ನುತ್ತಿದ್ದವನು ಪರಶಿವಮೂರ್ತಿ. ತಾನು ಎರಡು ವರ್ಷದಿಂದ ತಿನ್ನುತ್ತಿದ್ದದ್ದು ಆ ಮನೆಯ ಯಂತ್ರವನ್ನು ನೋಡಿ ಅವಳು ಕಲಿತು ಬಂದ ನಕಲು. ಇಂಥ ಹೊತ್ತಿನಲ್ಲೂ ಅವನಿಗೆ ಮೊದಲು ಹೊಳೆದದ್ದು ಇದೇ. ಅದಕ್ಕೆ ಅವನಿಗೆ ಅವನ ಮೇಲೇ ಹೇಸಿಗೆಯಾಯಿತು.

"ಜಾರ್ನಿಲ್ಲ" ಎಂದ. "ನಾನೇ ಎಳೆದದ್ದು."

ಚೆನ್ನಾಜಮ್ಮ ತಲೆ ಎತ್ತಿದಳು.

"ನೀ ಅವರ ಮನೆಗೆ ಹೋಗೋದು ಹಾಳೇಲಿ ಕಂಡೆ. ಇಪ್ಪತ್ತಮೂರ್ ಸಲ. ಕೇಳ್ನಿಲ್ಲ. ಎಳೆದೆ. ದೂರು ಬಂತು, ಮೂರು ಸಲ ಬಂತು. ಸರಿ ಮಾಡ್ಬೋದಿತ್ತು. ಏಳು ದಿನ ಆಗ್ಲಿ ಅಂತ ಕೂತಿದ್ದೆ."

ಅವಳು ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಎದ್ದು ಒಲೆ ಹಚ್ಚಿ, ಅಂದಾಜಿನ ಮೇಲೆ ಉಪ್ಪು ಹಾಕಿ, ಸೌಟಿನಲ್ಲಿ ಸಾರು ತೆಗೆದು ಅವನ ಕೈಗೆ ಕೊಟ್ಟಳು.

"ಕುಡೀರಿ. ಹತ್ತೊಂಬತ್ ವರ್ಷ ತಿಂದಿದೀರಿ. ಯಂತ್ರ ಬೇಡ, ನಿಮ್ಮ ನಾಲಿಗೆ ಹೇಳ್ಲಿ. ಇದಕ್ಕೂ ನಾನು ಮದ್ಲು ಮಾಡ್ತಿದ್ದುದಕ್ಕೂ ಏನು ವ್ಯತ್ಯಾಸ? ಉಪ್ಪು ಕಮ್ಮಿಯಾ? ಖಾರ ಒರಟಾಗದಾ? ಹೇಳಿ, ಒಂದೊಂದೇ ಸರಿ ಮಾಡ್ಕೋತೀನಿ."

ರಾಚಪ್ಪ ಕುಡಿದ. ಇನ್ನೊಂದು ಗುಟುಕು ಕುಡಿದ. ಕಣ್ಣು ಮುಚ್ಚಿದ. ಮದುವೆಯಾದ ಹೊಸತರಲ್ಲಿ ಅವಳು ಮಾಡಿದ ಉಪ್ಸಾರನ್ನು ನೆನಪಿಸಿಕೊಳ್ಳಲು ನೋಡಿದ. ತಟ್ಟೆ ನೆನಪಾಯಿತು, ಕೂತ ಮಣೆ ನೆನಪಾಯಿತು, ಡಬ್ಬಿ ತೆರೆದಾಗ ಇಣುಕುತ್ತಿದ್ದ ಸಹೋದ್ಯೋಗಿಗಳ ಮುಖ ಒಂದೊಂದೂ ನೆನಪಾಯಿತು. ಯಾವ ಮನೆಯಲ್ಲಿ ಎಂಬತ್ತೆಂಟು ಇದೆ, ಯಾವ ಬೀದಿಯಲ್ಲಿ ಇದೆ ಎಂಬುದನ್ನು ಹಾಳೆ ನೋಡದೆಯೇ ಹೇಳಬಲ್ಲವನು ಅವನು. ಆದರೆ ಸಾರು ಹೇಗಿತ್ತು? ಚೆನ್ನಾಗಿತ್ತು. ಅದಕ್ಕಿಂತ ಮುಂದಕ್ಕೆ ಒಂದು ಮಾತೂ ಅವನಿಗೆ ಸಿಗಲಿಲ್ಲ.

"ಚೆನ್ನಾಗದ" ಎಂದ, ಸಣ್ಣ ಧ್ವನಿಯಲ್ಲಿ.

"ಚೆನ್ನಾಗಿಲ್ಲ" ಎಂದಳು ಚೆನ್ನಾಜಮ್ಮ. "ನನಗೇ ಗೊತ್ತು, ಚೆನ್ನಾಗಿಲ್ಲ." ಅವನ ಕೈಯಿಂದ ಸೌಟು ತೆಗೆದುಕೊಂಡಳು.

ಆ ವಾರ ಮನೆಯಲ್ಲಿ ಮಾತು ಬೇಕಾದಷ್ಟಕ್ಕೆ ಮಾತ್ರ ನಡೆಯಿತು. ಸೌದಾಮಿನಿಯ ಮುಂದೆ ಹೋಗಿ ರಾಚಪ್ಪ ಎಲ್ಲವನ್ನೂ ಒಪ್ಪಿಕೊಂಡ, ಹೆಂಡತಿಯ ಮೂಗಿನ ವಿಷಯ ಒಂದನ್ನು ಬಿಟ್ಟು. ಅದು ಅವಳು ಹೇಳಬೇಕಾದ್ದು. ಸೌದಾಮಿನಿ ಅವನನ್ನು ಇಂಪೋರ್ಟಿನಿಂದ ತೆಗೆದು ಗೋದಾಮಿಗೆ ಹಾಕಿದರು. ಕಡತವನ್ನು ಮರಳಿ ಪಡೆಯಲು ಎರಡು ದಿನ ತಾವೇ ಕೂತು ನೋಡಿದರು. ಸಿಕ್ಕಿದ್ದು ಬರೀ ಹೆಸರು, ತಾರೀಕು. ಒಳಗೆ ಏನೂ ಉಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಚೆನ್ನಾಜಮ್ಮ ಹುರುಳಿ, ದಂಟು ಸೊಪ್ಪು, ಬ್ಯಾಡಗಿ ಮೆಣಸಿನಕಾಯಿ ಎಲ್ಲ ಚೀಲಕ್ಕೆ ತುಂಬಿ ಸೆರಗು ಸಿಕ್ಕಿಸಿಕೊಂಡಳು.

"ಕೊಳ್ಳೇಗಾಲಕ್ಕೆ ಹೋಗ್ಬೇಕು" ಎಂದಳು. "ನೀವೇ ಕರ್ಕೊಂಡೋಗಿ."

ಅವನು ಬೈಕ್ ತೆಗೆದ. ದಾರಿಯುದ್ದಕ್ಕೂ ಅವಳ ಕೈ ಅವನ ಹೆಗಲ ಮೇಲೆ ಇರಲಿಲ್ಲ, ಹಿಂದಿನ ಕಂಬಿಯನ್ನು ಹಿಡಿದಿತ್ತು.

ಪರಶಿವಮೂರ್ತಿಯ ಮನೆ ಗೂಡು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿತ್ತು. ರಾಚಪ್ಪ ಮನಸ್ಸಿನಲ್ಲಿ ಒಬ್ಬ ಗಂಡಸನ್ನು ಕಟ್ಟಿಕೊಂಡಿದ್ದ, ಎತ್ತರದವನು, ನಗುಮುಖದವನು. ಬಾಗಿಲು ತೆರೆದವರು ಅರವತ್ತೈದು ದಾಟಿದ ಸಣಕಲು ಮನುಷ್ಯ. ಒಂದು ಕಣ್ಣಿಗೆ ಪೊರೆ ಬಂದಿತ್ತು. ಅವರ ಬೆರಳುಗಳು ಮಾತ್ರ ಸುಮ್ಮನೆ ಇರುತ್ತಿರಲಿಲ್ಲ, ಗೂಡು ಹಿಸುಕಿ ದರ್ಜೆ ನೋಡುವ ಹಾಗೆ ಗಾಳಿಯನ್ನೇ ಹಿಸುಕುತ್ತಿದ್ದವು. ಇವರನ್ನು ಕಂಡು ರಾಚಪ್ಪನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

"ಬನ್ನಿ ಅಮ್ಮ" ಎಂದರು. ಅವನ ಕಡೆ ತಿರುಗಿ, "ನೀವು ರಾಚಪ್ಪನೋರಾ? ಬನ್ನಿ. ನಿಮಗೆ ತಿಳೀಬಾರ್ದು ಅಂತ ಇವರು ಪಟ್ಟ ಪಾಡು ಅಷ್ಟಿಷ್ಟಲ್ಲ" ಎಂದರು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಅದೇ ಅವನನ್ನು ಹೆಚ್ಚು ಚುಚ್ಚಿತು.

ಚೆನ್ನಾಜಮ್ಮ ನೆಟ್ಟಗೆ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಭಟ್ಟರ ಅಡುಗೆಗೈ ಮಡಚಿಕೊಂಡು ನಿಂತಿತ್ತು. ಅವಳು ಅದನ್ನು ಕಂಬಿಯ ತುದಿಗೆ ತಳ್ಳಿ ತನ್ನ ಪಾತ್ರೆ ಇಟ್ಟಳು. ಪರಶಿವಮೂರ್ತಿ ಕುರ್ಚಿ ಎಳೆದುಕೊಂಡು ಬಾಗಿಲ ಬಳಿ ಕೂತರು. ರಾಚಪ್ಪ ಅವರ ಹಿಂದೆ ಹೊಸ್ತಿಲಿನ ಮೇಲೆ ಕೂತ. ಕಾಳು ಬೆಂದಿತು. ಅವಳು ಒಂದು ಚಮಚ ತಂದು ಕೊಟ್ಟಳು. ಮುದುಕರು ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಎಷ್ಟೋ ಹೊತ್ತು ಹಾಗೇ ಇದ್ದರು.

"ಕಾಳಿಗೆ ಇನ್ನೊಂದು ಕುದಿ ಬೇಕು. ನಿಮ್ಮದರಲ್ಲಿ ಹುರುಳಿ ಸಿಪ್ಪೆ ಬಿಡೋ ಹೊತ್ತಿಗೆ ಸೊಪ್ಪು ಬೀಳ್ತಿತ್ತು, ಮುಂಚೆ ಅಲ್ಲ."

ಅವಳು ಒಳಗೆ ಹೋದಳು, ಮತ್ತೆ ತಂದಳು.

"ಉಪ್ಪು ಸರಿ. ಖಾರದಲ್ಲಿ ಬೆಳ್ಳುಳ್ಳಿ ಹಸೀದು ಹಾಕಿದೀರಿ. ಎರಡು ಎಸಳು ಸುಟ್ಟು, ಒಂದು ಎಸಳು ಹಸೀದು. ಯಂತ್ರ ಹಾಗೇ ಮಾಡ್ತಿತ್ತು, ನಾನು ದಿನಾ ನೋಡ್ತಿದ್ದೆ. ಜೀರಿಗೆ ಅರೆಯೋಕೆ ಮುಂಚೆ ಒಂದ್ಸಲ ಅಂಗೈಲಿ ಉಜ್ತಿತ್ತು."

"ಹೌದಲ್ವಾ!" ಎಂದಳು ಚೆನ್ನಾಜಮ್ಮ. ಅವಳ ಮುಖ ಅರಳಿತು. "ಉಜ್ಜೋದು ನನ್ನ ಕೈಗೆ ಮರ್ತೇ ಹೋಗಿತ್ತು." ಅವಳು ಅಲ್ಲೇ ನಿಂತು ಜೀರಿಗೆಯನ್ನು ಅಂಗೈಯಲ್ಲಿ ಹಾಕಿ ಉಜ್ಜಿದಳು. ಬೆರಳುಗಳು ದಾರಿ ಹಿಡಿದ 'ಹಾಂ, ಹಿಂಗೇ' ಎಂಬ ಸಂತೋಷ ಅವಳ ಕಣ್ಣಲ್ಲಿ ಕಂಡಿತು. ಹತ್ತೊಂಬತ್ತು ವರ್ಷದಲ್ಲಿ ರಾಚಪ್ಪ ಆ ಕೈಯನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವಳು ಅಂಗೈಯಲ್ಲಿ ಜೀರಿಗೆ ಉಜ್ಜುತ್ತಿದ್ದಳೆಂಬುದೂ ಅವನಿಗೆ ತಿಳಿದಿರಲಿಲ್ಲ.

ಅವನ ಎದೆಯಲ್ಲಿ ಹಳೆಯ ಉರಿ ಮತ್ತೆ ಎದ್ದಿತು. ಈ ಸಲ ಮಾತ್ರ ಅದು ಸುಳ್ಳು ಉರಿಯಾಗಿರಲಿಲ್ಲ. ಇನ್ನೊಬ್ಬ ಗಂಡಸು ತನ್ನ ಹೆಂಡತಿಯಿಂದ ಏನೋ ಕದ್ದಿದ್ದಾನೆಂದು ಇಷ್ಟು ದಿನ ಅಂದುಕೊಂಡಿದ್ದ. ಈ ಮುದುಕರು ಏನನ್ನೂ ಕದ್ದಿರಲಿಲ್ಲ. ತಿನ್ನುವಾಗ ಗಮನವಿಟ್ಟಿದ್ದರು, ಅಷ್ಟೆ. ಅದು ಅವನ ಕೈಯಲ್ಲೂ ಆಗುತ್ತಿತ್ತು, ದಿನಕ್ಕೆ ಎರಡು ಹೊತ್ತು.

ಮಧ್ಯಾಹ್ನವಾಯಿತು. ನಾಲ್ಕನೇ ಸಲದ ಸಾರು ಕುದಿದು ಇಳಿಯಿತು. ಚೆನ್ನಾಜಮ್ಮ ಎರಡು ತಟ್ಟೆ ಹಾಕಿ, ಮುದ್ದೆ ಇಟ್ಟು, ಇಬ್ಬರಿಗೂ ಬಡಿಸಿದಳು. ರಾಚಪ್ಪ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗೆ ಇಟ್ಟುಕೊಂಡ. ಇದೋ? ಇದಲ್ಲವೋ? ಗಮನ ಕೊಟ್ಟು ತಿಂದ, ಬೆವರುವಷ್ಟು ಗಮನ ಕೊಟ್ಟ. ಹೇಳಲು ತಿಳಿಯಲಿಲ್ಲ. ಬಾಗಿಲಲ್ಲಿ ನಿಂತ ಹೆಂಡತಿಯ ಮುಖ ನೋಡಿದ.

"ಹೆಂಗದ?" ಎಂದಳು ಚೆನ್ನಾಜಮ್ಮ.

ಅವಳು ಕೇಳಿದ್ದು ಅವನನ್ನಲ್ಲ.